ಡಬ್ಬಿ ಅನ್ನಿಸಿಕೊಂಡ ಡಾಲ್ಫಿನ್

ದುರ್ಗದಬೈಲ್‌ನಲ್ಲಿ ಗಿರ್ಮಿಟ್ ತಿನ್ನುತ್ತಾ ಗೆಳೆಯನಿಗೆ ಮೊಬೈಲ್‌ನಲ್ಲಿ ಒಂದು ಹಳೇ ಕಾರಿನ ಫೋಟೋ ತೋರಿಸಿದೆ. ‘ಏನಲೇ ಇದು, ಡಬ್ಬಿ ಇದ್ದಂಗ ಐತಿ!’ ಅಂದು ನಕ್ಕ.

ಅದು ಸಿಪಾನಿ ಡಾಲ್ಫಿನ್. ನಮ್ಮ ಬೆಂಗಳೂರಿನದೇ ಕಾರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಆಧಾರದ ಮೇಲೆ 1982ರಲ್ಲಿ ಬಂತು. ಎರಡೇ ಬಾಗಿಲು, 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಫೈಬರ್‌ಗ್ಲಾಸ್ ಬಾಡಿ. ಸಂಸಾರಸ್ಥರಿಗೆ ನಾಲ್ಕು ಬಾಗಿಲು, ಗಟ್ಟಿ ತಗಡು ಬೇಕಿತ್ತು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಎರಡನ್ನೂ ಕೊಟ್ಟಿತು. ಡಾಲ್ಫಿನ್ ಕಥೆ ಅಲ್ಲಿಗೇ ಮುಗೀಬೇಕಿತ್ತು.

ಆದರೆ ರೇಸಿನವರು ಕೈಬಿಡಲಿಲ್ಲ. ಜನ ನಕ್ಕಿದ್ದ ಫೈಬರ್ ಮೈಯೇ ಅವರಿಗೆ ಲಾಭ. ಅಂಬಾಸಿಡರ್, ಫಿಯಟ್‌ಗಳ ಪಕ್ಕ ಅದು ಹಗುರ. ಮದ್ರಾಸಿನ ಹತ್ತಿರ, ಶೋಲಾವರಂನ ಹಳೇ ವಿಮಾನ ಪಟ್ಟಿಯ ರೇಸುಗಳಲ್ಲಿ, ರ‍್ಯಾಲಿಗಳಲ್ಲಿ ಹೆಸರು ಮಾಡಿತು.

ಇವತ್ತು ಇದನ್ನು ಟ್ರ್ಯಾಕಿಗೆ ಸಜ್ಜು ಮಾಡೋರು ಮೊದಲು ಕೆಳಗೆ ಬಗ್ಗಿ ನೋಡಬೇಕು. ಬಾಡಿಗೆ ತುಕ್ಕಿಲ್ಲ, ಸೀಳಿದರೆ ಫೈಬರ್ ಮ್ಯಾಟ್, ರೆಸಿನ್ ಹಾಕಿ ಮುಚ್ಚಬಹುದು. ತುಕ್ಕು ತಿನ್ನೋದು ಅಡಿಯ ಉಕ್ಕಿನ ಚಾಸಿಯನ್ನು. ಆಮೇಲೆ ಡ್ರಮ್ ಬ್ರೇಕ್ ಜಾಗಕ್ಕೆ ಡಿಸ್ಕ್, ಒಳಗೆ ರೋಲ್ ಕೇಜ್. ಪಲ್ಟಿಯಾದರೆ ಫೈಬರ್ ತಲೆ ಕಾಯೋದಿಲ್ಲ.

‘ಇಷ್ಟೆಲ್ಲಾ ಬದಲಿಸಿದ್ರ ಒರಿಜಿನಲ್ ಏನ್ ಉಳೀತಲೇ?’ ಅಂದ ಗೆಳೆಯ.

ನಮ್ಮೂರಲ್ಲಿ ಗಾಲಿ ಎರಡು ಸಲ ಬದಲಾದರೂ ಅದು ಅಜ್ಜನ ಚಕ್ಕಡಿಯೇ ಆಗಿತ್ತು, ಯಾಕಂದ್ರೆ ಹೊಲಕ್ಕೆ ಹೋಗ್ತಿತ್ತು. ಬಿಚ್ಚಿದ ಹಳೇ ಭಾಗ ಎಸೀಬೇಡಿ, ಎತ್ತಿಡಿ. ಕಾರು ಮಾತ್ರ ಓಡಲಿ.