ಮಹಾಮಾರಿಯ ದಿನಗಳಲ್ಲಿ ಶಾಸಕರ ಕೆಲಸ: ರಾಜಾಜಿನಗರದ ಉದಾಹರಣೆ

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ, ಮಗನೋ ಮಗಳೋ ಬೆಂಗಳೂರಿನಲ್ಲಿ ಇಲ್ಲದ ಮನೆ ಅಪರೂಪ. 2020 ಮತ್ತು 2021ರ ಕೊರೋನಾ ದಿನಗಳಲ್ಲಿ ಇಂತಹ ಮನೆಗಳಲ್ಲಿ ಒಂದೇ ಪ್ರಶ್ನೆ: ಅಲ್ಲಿ ಯಾರನ್ನು ಹಿಡಿದರೆ ಕೆಲಸವಾದೀತು? ಶಾಸಕರನ್ನು ಎಂಬುದೇ ಹೆಚ್ಚಿನವರ ಉತ್ತರವಾಗಿತ್ತು. ಇಂತಹ ಕಾಲದಲ್ಲಿ ಶಾಸಕರು ಏನು ಮಾಡಬಲ್ಲರು, ಏನು ಮಾಡಲಾರರು ಎಂಬುದನ್ನು ಪಶ್ಚಿಮ ಬೆಂಗಳೂರಿನ ರಾಜಾಜಿನಗರ ಕ್ಷೇತ್ರವನ್ನು ಮುಂದಿಟ್ಟುಕೊಂಡು ವಿವರಿಸಲು ಬಯಸುತ್ತೇವೆ. ಯಾವ ಪಕ್ಷದ ಪರವಾಗಿಯೂ ಇದನ್ನು ಬರೆಯುತ್ತಿಲ್ಲ.

ಆಗ ನಗರದ ಆ ಭಾಗಕ್ಕೆ ಸಚಿವರ ಕೊರತೆ ಇರಲಿಲ್ಲ. ಗೋವಿಂದರಾಜನಗರದ ಶಾಸಕ ವಿ. ಸೋಮಣ್ಣ ವಸತಿ ಸಚಿವರಾಗಿದ್ದರು. ಕೆಂಗೇರಿಯನ್ನು ಒಳಗೊಂಡ ಯಶವಂತಪುರ ಕ್ಷೇತ್ರದ ಎಸ್.ಟಿ. ಸೋಮಶೇಖರ್ ಸಹಕಾರ ಸಚಿವರು. ಸಹಕಾರ ಸಂಘಗಳ ಮೂಲಕ ಆಶಾ ಕಾರ್ಯಕರ್ತೆಯರಿಗೆ ತಲಾ 3,000 ರೂಪಾಯಿ ಕೊಡಿಸಿದ್ದು ಅವರ ಇಲಾಖೆ. ವಿಜಯನಗರದ ಎಂ. ಕೃಷ್ಣಪ್ಪ ಮಾತ್ರ ವಿರೋಧ ಪಕ್ಷದಲ್ಲಿದ್ದರು. ಬಸವೇಶ್ವರನಗರದ ಬಹುಭಾಗ ಸೇರಿರುವ ರಾಜಾಜಿನಗರದ ಶಾಸಕರು ಎಸ್. ಸುರೇಶ್ ಕುಮಾರ್. ನಗರಪಾಲಿಕೆ ಸದಸ್ಯರಾಗಿ ಸಾರ್ವಜನಿಕ ಜೀವನಕ್ಕೆ ಬಂದ ಇವರು 1994ರಲ್ಲಿ ಮೊದಲ ಬಾರಿಗೆ ವಿಧಾನಸಭೆ ಪ್ರವೇಶಿಸಿದರು. 2004ರ ಸೋಲೊಂದನ್ನು ಬಿಟ್ಟರೆ 2023ರವರೆಗಿನ ಎಲ್ಲ ಚುನಾವಣೆಗಳಲ್ಲಿ ಅಲ್ಲಿಂದಲೇ ಗೆದ್ದಿದ್ದಾರೆ. 2019ರ ಆಗಸ್ಟ್‌ನಿಂದ 2021ರ ಜುಲೈವರೆಗೆ ಅವರು ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಸಚಿವರೂ ಆಗಿದ್ದರು. ಸೋಂಕಿನ ಮೊದಲ ತಿಂಗಳುಗಳಲ್ಲಿ ಸರಕಾರದ ಪರವಾಗಿ ಮಾಧ್ಯಮಗಳಿಗೆ ದಿನದ ಮಾಹಿತಿ ನೀಡುವ ಹೊಣೆಯೂ ಅವರದಾಗಿತ್ತು.

ಶಾಸಕರ ಅಧಿಕಾರದ ಬಗ್ಗೆ ನಮ್ಮ ಜನರಲ್ಲಿ ಒಂದು ತಪ್ಪು ಕಲ್ಪನೆ ಇದೆ. ಆಸ್ಪತ್ರೆಯ ವೈದ್ಯರಿಗಾಗಲಿ ಪಾಲಿಕೆಯ ಇಂಜಿನಿಯರರಿಗಾಗಲಿ ಶಾಸಕರು ಮೇಲಧಿಕಾರಿಯಲ್ಲ. ಸದನದಲ್ಲಿ ಕಾನೂನು ಮಾಡುವುದು, ಸರಕಾರವನ್ನು ಪ್ರಶ್ನಿಸುವುದು ಅವರ ಮೂಲ ಕೆಲಸ. ಜೊತೆಗೆ ಕ್ಷೇತ್ರಾಭಿವೃದ್ಧಿ ನಿಧಿಯೆಂದು ವರ್ಷಕ್ಕೆ 2 ಕೋಟಿ ರೂಪಾಯಿ ಇದೆ; ಅದನ್ನೂ ಅವರು ಕೈಯಾರೆ ಹಂಚುವಂತಿಲ್ಲ, ಕಾಮಗಾರಿಗೆ ಶಿಫಾರಸು ಮಾಡಬಹುದು ಅಷ್ಟೆ. 2020ರ ಏಪ್ರಿಲ್‌ನಲ್ಲಿ ರಾಜ್ಯದ ಸಚಿವರ ಮತ್ತು ಶಾಸಕರ ವೇತನವನ್ನು ಒಂದು ವರ್ಷದ ಮಟ್ಟಿಗೆ ಶೇ. 30ರಷ್ಟು ಕಡಿತಗೊಳಿಸಲಾಯಿತು. ಉಳಿದದ್ದೆಲ್ಲ ದೂರವಾಣಿ ಮತ್ತು ಪತ್ರದ ಬಲ. ಅಕ್ಕಿ ಬೇಳೆಯ ಕಿಟ್ ಹಂಚುವ ಚಿತ್ರಗಳು ಪತ್ರಿಕೆಗಳಲ್ಲಿ ಧಾರಾಳವಾಗಿ ಬಂದವು. ಅದನ್ನು ನಾವು ಹೀಗಳೆಯುವುದಿಲ್ಲ, ಹಸಿದವನಿಗೆ ಅದು ಬೇಕು. ಆದರೆ ಅದನ್ನು ನಮ್ಮ ವಿನ್ಸೆಂಟ್ ಪಾವ್ಲ್ ಸಭೆಯವರೂ ಮಾಡಬಲ್ಲರು.

ಎರಡನೇ ಅಲೆಯ ಹೊತ್ತಿಗೆ ಬೆಂಗಳೂರಿನಲ್ಲಿ ಇನ್ನೊಂದು ತೊಡಕು ಇತ್ತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದಿತ್ತು. 198 ವಾರ್ಡುಗಳಲ್ಲಿ ಒಬ್ಬ ಸದಸ್ಯರೂ ಅಧಿಕಾರದಲ್ಲಿ ಇರಲಿಲ್ಲ. ಹಾಸಿಗೆ ಬೇಕಾದರೆ ಮೊದಲು ಪರೀಕ್ಷೆಯ ವರದಿ, ಬಳಿಕ ಪಾಲಿಕೆ ಕೊಡುವ 'ಬಿಯು' ಸಂಖ್ಯೆ, ಆಮೇಲೆ ವಲಯದ ವಾರ್ ರೂಮ್‌ನಿಂದ ಹಂಚಿಕೆ. ಉಸಿರು ಕಟ್ಟುತ್ತಿದ್ದರೂ ವರದಿ ಬಾರದವರಿಗೆ ಸರಕಾರಿ ಕೋಟಾದ ಹಾಸಿಗೆ ಸಿಗುವುದು ಬಹಳ ಕಷ್ಟವಾಗಿತ್ತು. ವಾರ್ಡಿನಲ್ಲಿ ಕೇಳುವವರಿಲ್ಲದೆ ಈ ಸಂಕಟವೆಲ್ಲ ನೇರವಾಗಿ ಶಾಸಕರ ಕಚೇರಿಗೆ ಬಂದು ಬಿತ್ತು. ಬಾಡಿಗೆ ಕೋಣೆಯಲ್ಲಿದ್ದ, ಅಲ್ಲಿಯ ಮತದಾರರೇ ಅಲ್ಲದ ನಮ್ಮ ಯುವಜನರೂ ಅದೇ ಸಾಲಿನಲ್ಲಿದ್ದರು.

ಸಚಿವರಾಗಿ ಸುರೇಶ್ ಕುಮಾರ್ ತೆಗೆದುಕೊಂಡ ದೊಡ್ಡ ತೀರ್ಮಾನ ಎಸ್ಸೆಸ್ಸೆಲ್ಸಿ ಪರೀಕ್ಷೆಯದು. 2020ರ ಜೂನ್‌ನಲ್ಲಿ ತಮಿಳುನಾಡು, ತೆಲಂಗಾಣ ಪರೀಕ್ಷೆಯನ್ನೇ ಕೈಬಿಟ್ಟಾಗ ಕರ್ನಾಟಕ ಜೂನ್ 25ರಿಂದ ಸುಮಾರು 8.48 ಲಕ್ಷ ಮಕ್ಕಳಿಗಾಗಿ ಪರೀಕ್ಷೆ ನಡೆಸಿತು. ತಲಪಾಡಿ ಗಡಿ ದಾಟಿ ಬರಬೇಕಾದ ಕಾಸರಗೋಡಿನ ಮಕ್ಕಳಿಗೆ ವಾಹನ ವ್ಯವಸ್ಥೆಯಾದುದು ನಮ್ಮ ಓದುಗರಿಗೆ ನೆನಪಿರಬಹುದು. ಕೆಲವು ಮಕ್ಕಳಿಗೆ ಸೋಂಕು ದೃಢಪಟ್ಟದ್ದೂ ನಿಜ. ಹೆತ್ತವರ ಆತಂಕ ಸಕಾರಣವಾಗಿತ್ತು. ಆದರೂ ಹಳ್ಳಿಯ ಬಡ ಮಕ್ಕಳ ಕೈಗೆ ಒಂದು ಅಂಕಪಟ್ಟಿ ಸಿಕ್ಕಿತು ಎಂಬುದನ್ನು ಮರೆಯಬಾರದು. 2021ರಲ್ಲಿ ಪರೀಕ್ಷೆಯನ್ನು ಜುಲೈ 19 ಮತ್ತು 22, ಹೀಗೆ ಎರಡೇ ದಿನಕ್ಕೆ ಇಳಿಸಲಾಯಿತು.

ಇನ್ನೊಂದು ಮುಖವನ್ನೂ ಹೇಳದಿದ್ದರೆ ಬರಹ ಏಕಪಕ್ಷೀಯವಾದೀತು. ಅವರು ಚಾಮರಾಜನಗರ ಜಿಲ್ಲೆಯ ಉಸ್ತುವಾರಿ ಸಚಿವರೂ ಆಗಿದ್ದರು. 2021ರ ಮೇ 2 ಮತ್ತು 3ರಂದು ಅಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ಅಸುನೀಗಿದರು. ಹೈಕೋರ್ಟ್ ನೇಮಿಸಿದ ಸಮಿತಿ ಆಮ್ಲಜನಕದ ಕೊರತೆಯತ್ತ ಬೊಟ್ಟು ಮಾಡಿತು. ಉಸ್ತುವಾರಿ ಎಂಬ ಪದಕ್ಕೆ ಅರ್ಥವಿದ್ದರೆ ಅದರ ಒಂದು ಪಾಲು ಸಚಿವರಿಗೂ ಸೇರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಕ್ಷೇತ್ರ ಒಂದು ಕಡೆ, ಇಲಾಖೆ ಇನ್ನೊಂದು ಕಡೆ, ಜಿಲ್ಲೆ ಮತ್ತೊಂದು ಕಡೆ ಎಂದು ಒಬ್ಬರ ಹೆಗಲಿಗೇ ಹೊರಿಸುವ ಪದ್ಧತಿಯನ್ನೂ ಪ್ರಶ್ನಿಸಬೇಕಾಗಿದೆ.

2021ರ ಆಗಸ್ಟ್‌ನಲ್ಲಿ ರಚನೆಯಾದ ಬಸವರಾಜ ಬೊಮ್ಮಾಯಿ ಸಂಪುಟದಲ್ಲಿ ಅವರಿಗೆ ಸ್ಥಾನ ಸಿಗಲಿಲ್ಲ. ಅವರು ಬರೇ ಶಾಸಕರಾಗಿ ಉಳಿದ ಈ ಅವಧಿಯಲ್ಲೇ, ನವೆಂಬರ್ ಕೊನೆಯಲ್ಲಿ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಹಳೆಯ ಶವಾಗಾರದಲ್ಲಿ ಎರಡು ಶವಗಳು ಪತ್ತೆಯಾದವು. ಇಬ್ಬರೂ 2020ರ ಜುಲೈನಲ್ಲಿ ಕೊರೋನಾದಿಂದ ತೀರಿಕೊಂಡವರು. ಹದಿನೈದು ತಿಂಗಳಿಗೂ ಹೆಚ್ಚು ಕಾಲ ಅವರ ಪಾರ್ಥಿವ ಶರೀರಗಳು ಯಾರಿಗೂ ಬೇಡವಾಗಿ ಅಲ್ಲೇ ಉಳಿದಿದ್ದವು. ಅಂತ್ಯಸಂಸ್ಕಾರ ಎಂದೋ ಮುಗಿದಿದೆ ಎಂದು ಮೃತರೊಬ್ಬರ ಮನೆಯವರು ತಿಳಿದುಕೊಂಡಿದ್ದರು. ಸತ್ತವರನ್ನು ಮಣ್ಣು ಮಾಡುವುದು ದಯಾಕಾರ್ಯಗಳಲ್ಲಿ ಒಂದೆಂದು ಮಕ್ಕಳಿಗೆ ಧರ್ಮೋಪದೇಶದಲ್ಲಿ ಕಲಿಸುವ ನಮಗೆ ಈ ಸುದ್ದಿ ಓದಲು ಕಷ್ಟವಾಯಿತು.

ಆ ಆಸ್ಪತ್ರೆ ಕೇಂದ್ರ ಸರಕಾರದ ಅಧೀನದ ನಿಗಮಕ್ಕೆ ಸೇರಿದ್ದು. ಕೊರೋನಾ ಮೃತರ ಶವಸಂಸ್ಕಾರ ಪಾಲಿಕೆಯ ಕೆಲಸ. ಶಾಸಕರಿಗೆ ಎರಡರ ಮೇಲೂ ಹಿಡಿತವಿಲ್ಲ. ಸುಮ್ಮನಿದ್ದರೂ ಯಾರೂ ಕೇಳುತ್ತಿರಲಿಲ್ಲ. ಸುರೇಶ್ ಕುಮಾರ್ ಆಗಿನ ಕಾರ್ಮಿಕ ಸಚಿವ ಶಿವರಾಂ ಹೆಬ್ಬಾರ್ ಅವರಿಗೆ ಪತ್ರ ಬರೆದು, ಆಸ್ಪತ್ರೆ ಮತ್ತು ಪಾಲಿಕೆ ಇವೆರಡರ ಪಾತ್ರದ ಬಗ್ಗೆಯೂ ತನಿಖೆ ನಡೆಸಿ ತಪ್ಪಿತಸ್ಥರ ಮೇಲೆ ಕ್ರಮ ಕೈಗೊಳ್ಳಬೇಕೆಂದು ಒತ್ತಾಯಿಸಿದರು. ಮೃತರಿಬ್ಬರೂ ಅವರ ಕ್ಷೇತ್ರದ ನಿವಾಸಿಗಳಲ್ಲ, ಪಕ್ಕದ ಚಾಮರಾಜಪೇಟೆ ಮತ್ತು ಕೆ.ಪಿ. ಅಗ್ರಹಾರದ ಕಡೆಯವರು.