ಫುಸ್ತಾತಿನ ಸಿನಗಾಗ್ ಮತ್ತು ಮಂಗಳೂರಿನ ಪತ್ರಗಳು

ಕೈರೋ ನಗರವನ್ನು ಸಂದರ್ಶಿಸುವ ನಮ್ಮ ನಾಡಿನ ಮುಸ್ಲಿಮರು ಅಲ್‌ಅಝ್ಹರ್ ಮಸೀದಿಯನ್ನು ನೋಡುತ್ತಾರೆ. ಕರಾವಳಿಯ ಶಾಫಿಈ ಬಂಧುಗಳಾದರೆ ಇಮಾಮ್ ಶಾಫಿಈಯವರ(ರ) ಸಮಾಧಿಯನ್ನೂ ಸಂದರ್ಶಿಸುತ್ತಾರೆ. ಬಳಿಕ ಹಳೆಯ ಫುಸ್ತಾತಿಗೆ ಬಂದು, ಹಝ್ರತ್ ಅಮ್ರ್ ಇಬ್ನುಲ್ ಆಸ್(ರ) ಕ್ರಿ.ಶ. 641-42ರಲ್ಲಿ ಕಟ್ಟಿಸಿದ ಆಫ್ರಿಕಾ ಖಂಡದ ಮೊದಲ ಮಸೀದಿಯಲ್ಲಿ ನಮಾಝ್ ನಿರ್ವಹಿಸುತ್ತಾರೆ. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿ, ರೋಮನರ ಕಾಲದ ಬ್ಯಾಬಿಲೋನ್ ಕೋಟೆಯ ಆವರಣದಲ್ಲಿ, ಕಾಪ್ಟಿಕ್ ಕ್ರೈಸ್ತರ ಚರ್ಚುಗಳ ನಡುವೆ ಒಂದು ಸಿನಗಾಗ್, ಅಂದರೆ ಯಹೂದಿಯರ ಪ್ರಾರ್ಥನಾಲಯವಿದೆ. ಬೆನ್ ಎಝ್ರಾ ಎಂಬುದು ಅದರ ಹೆಸರು. ಇಂದು ಅಲ್ಲಿ ನಿತ್ಯ ಪ್ರಾರ್ಥನೆಯಿಲ್ಲ, ಅದೊಂದು ವಸ್ತುಸಂಗ್ರಹಾಲಯ. ಕನ್ನಡ ನಾಡಿನವರು ಅದನ್ನು ನೋಡದೆ ಮರಳಬಾರದು. ಏಕೆಂದರೆ ನಮ್ಮ ಮಂಗಳೂರಿನ ಸುಮಾರು ಒಂಬೈನೂರು ವರ್ಷಗಳ ಹಿಂದಿನ ಬದುಕಿನ ದಾಖಲೆಗಳು ಶತಮಾನಗಳ ಕಾಲ ಉಳಿದದ್ದು ಆ ಸಿನಗಾಗಿನಲ್ಲಿ.

ಹನ್ನೊಂದನೆಯ ಶತಮಾನದ ಆರಂಭದಲ್ಲಿ ಫಾತಿಮೀ ಖಲೀಫ ಅಲ್‌ಹಾಕಿಮನ ಆಜ್ಞೆಯಿಂದ ಈ ಸಿನಗಾಗ್ ನೆಲಸಮವಾಯಿತು. ಅವನ ನಂತರದವರ ಆಳ್ವಿಕೆಯಲ್ಲಿ ಮತ್ತೆ ಕಟ್ಟಲ್ಪಟ್ಟಿತು. ಇಂದು ಕಾಣುವ ಕಟ್ಟಡವು 1890ರ ದಶಕದಲ್ಲಿ ಹಳೆಯ ವಿನ್ಯಾಸವನ್ನೇ ಅನುಸರಿಸಿ ನಿರ್ಮಿಸಿದ್ದು. ಮತ್ತೊಮ್ಮೆ ಜೀರ್ಣೋದ್ಧಾರಗೊಂಡು 2023ರಲ್ಲಿ ಸಂದರ್ಶಕರಿಗೆ ತೆರೆಯಿತು. ನಡುವೆ ತೌರಾತನ್ನು ಓದುವ ಅಮೃತಶಿಲೆಯ ವೇದಿಕೆ, ಎರಡೂ ಬದಿಗಳಲ್ಲಿ ಕಂಬಗಳ ಸಾಲು, ಮೇಲೆ ಸ್ತ್ರೀಯರಿಗಾಗಿ ಮಹಡಿ. ಆ ಮಹಡಿಯ ಒಂದು ತುದಿಯಲ್ಲಿ, ಗೋಡೆಯ ಎತ್ತರದಲ್ಲಿ ಒಂದು ರಂಧ್ರವಿತ್ತು. ಏಣಿ ಹತ್ತಿ ಅದರೊಳಗೆ ಹಳೆಯ ಕಾಗದಗಳನ್ನು ಹಾಕುತ್ತಿದ್ದರು. ಒಳಗಿದ್ದ ಕೋಣೆಗೆ ಗೆನೀಝಾ ಎಂದು ಹೆಸರು.

ಈ ರೂಢಿಯ ಅರ್ಥವು ನಮಗೆ ಸುಲಭವಾಗಿ ತಿಳಿಯುತ್ತದೆ. ಜೀರ್ಣವಾದ ಮುಸ್‌ಹಫಿನ ಹಾಳೆಗಳನ್ನು ನಾವು ಕಸಕ್ಕೆ ಎಸೆಯುವುದಿಲ್ಲ. ಗೌರವದಿಂದ ಹೂಳುತ್ತೇವೆ ಅಥವಾ ಕಾಲ್ತುಳಿತವಿಲ್ಲದ ಕಡೆ ಇರಿಸುತ್ತೇವೆ. ಯಮನಿನ ಸನ್‌ಆ ನಗರದ ದೊಡ್ಡ ಮಸೀದಿಯ ದುರಸ್ತಿಯ ವೇಳೆ, 1972ರಲ್ಲಿ, ಚಾವಣಿಯ ಅಡಿಯಲ್ಲಿ ಅತಿ ಪ್ರಾಚೀನವಾದ ಸಾವಿರಾರು ಕುರ್‌ಆನ್ ಹಾಳೆಗಳು ದೊರೆತದ್ದು ಇದೇ ಆದರದಿಂದ. ಯಹೂದಿಯರೂ ದೇವನಾಮವಿರುವ ಬರಹವನ್ನು ನಾಶಮಾಡಬಾರದೆಂದು ನಂಬಿದವರು. ಫುಸ್ತಾತಿನಲ್ಲಿ ಅವರು ಧರ್ಮಗ್ರಂಥಗಳನ್ನು ಮಾತ್ರವಲ್ಲ, ಪತ್ರ, ಲೆಕ್ಕ, ಮದುವೆಯ ಕರಾರು, ಸಾಲದ ಚೀಟಿಗಳನ್ನೂ ಅದೇ ಕೋಣೆಗೆ ಸೇರಿಸಿದರು. ವ್ಯಾಪಾರದ ಪತ್ರವೂ ಪರಮದಯಾಮಯನ ನಾಮದಿಂದ ಆರಂಭವಾಗುತ್ತಿದ್ದ ಕಾಲವದು. ಅವರ ಭಾಷೆ ಅರಬಿ, ಲಿಪಿ ಹೀಬ್ರೂ. ಅರಬಿ ಲಿಪಿಯಲ್ಲಿ ಮಲಯಾಳಂ ಓದಿ ಬೆಳೆದ ಕರಾವಳಿಯ ಹಿರಿಯರಿಗೆ ಇದು ವಿಚಿತ್ರವೆನಿಸದು.

ಕೇಂಬ್ರಿಡ್ಜಿನ ವಿದ್ವಾಂಸ ಸಾಲೊಮನ್ ಶೆಖ್ಟರ್ 1896-97ರ ಚಳಿಗಾಲದಲ್ಲಿ ಅಲ್ಲಿಗೆ ಹೋಗಿ, ಸಮುದಾಯದ ಹಿರಿಯರ ಅನುಮತಿ ಪಡೆದು, ಆ ರಾಶಿಯ ಬಹುಭಾಗವನ್ನು ಇಂಗ್ಲೆಂಡಿಗೆ ಒಯ್ದರು. ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಇಂದು ಸುಮಾರು 1,93,000 ತುಣುಕುಗಳಿವೆ. ಇಪ್ಪತ್ತನೆಯ ಶತಮಾನದಲ್ಲಿ ಎಸ್.ಡಿ. ಗೊಯ್ಟೈನ್ ಎಂಬ ವಿದ್ವಾಂಸರು ಅವುಗಳಲ್ಲಿ ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನು ಜೋಡಿಸುತ್ತಾ ಹೋದಾಗ ಅವರಿಗೆ ಎದುರಾದ ಹೆಸರು ಅಬ್ರಹಾಂ ಬೆನ್ ಯಿಜು.

ಬೆನ್ ಯಿಜು ಇಂದಿನ ಟುನೀಶಿಯದ ಮಹ್ದಿಯಾ ಪಟ್ಟಣದವನು. ಏಡನ್ ಮಾರ್ಗವಾಗಿ ಭಾರತಕ್ಕೆ ಬಂದು 1132ರ ವೇಳೆಗೆ ಮಂಗಳೂರಿನಲ್ಲಿ ನೆಲೆಸಿದ್ದನು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಅವನು ಆಶು ಎಂಬ ದಾಸಿಯನ್ನು ವಿಮೋಚನೆಗೊಳಿಸಿದನು. ಮಂಗಳೂರಿನಲ್ಲಿ ಬರೆಯಲಾದ ಆ ವಿಮೋಚನಾ ಪತ್ರ ಇಂದಿಗೂ ಉಳಿದಿದೆ. ಆಳುಪರು ತುಳುನಾಡನ್ನು ಆಳುತ್ತಿದ್ದ ಆ ಕಾಲದಲ್ಲಿ ಅವನು ಇಲ್ಲಿಂದ ಕರಿಮೆಣಸು, ಏಲಕ್ಕಿ, ಅಡಕೆ, ಕಬ್ಬಿಣವನ್ನು ಕಳುಹಿಸುತ್ತಿದ್ದನು. ಏಡನ್ನಿನಿಂದ ಒಡೆದ ತಾಮ್ರ ಮತ್ತು ಕಂಚಿನ ಪಾತ್ರೆಗಳು ಬರುತ್ತಿದ್ದವು. ಅವನ ಕಾರ್ಯಾಗಾರದಲ್ಲಿ ಸ್ಥಳೀಯ ಕಂಚುಗಾರರು ಅವುಗಳನ್ನು ಕರಗಿಸಿ ಹೊಸ ಪಾತ್ರೆಗಳನ್ನು ಮಾಡುತ್ತಿದ್ದರು. ಏಡನ್ನಿನ ಮಿತ್ರರು ಸಕ್ಕರೆ, ಒಣದ್ರಾಕ್ಷಿ ಮತ್ತು ವಿಶೇಷವಾಗಿ ಕಾಗದವನ್ನು ಕಾಣಿಕೆಯಾಗಿ ಕಳುಹಿಸುತ್ತಿದ್ದರು. ನಮ್ಮ ಕಡೆ ಆಗ ಕಾಗದ ದುರ್ಲಭವಾಗಿತ್ತು. ಬಂದ ಪತ್ರದ ಬೆನ್ನಿನ ಮೇಲೆಯೇ ಅವನು ತನ್ನ ಲೆಕ್ಕವನ್ನು ಬರೆದುಕೊಳ್ಳುತ್ತಿದ್ದನು.

ಅವನ ಪರವಾಗಿ ಸರಕಿನೊಂದಿಗೆ ಏಡನ್ನಿಗೆ ಹೋಗಿ ಬರುತ್ತಿದ್ದ ದಾಸನೊಬ್ಬನಿದ್ದನು. ಹೀಬ್ರೂ ಅಕ್ಷರಗಳಲ್ಲಿರುವ ಆ ಹೆಸರನ್ನು ಬೊಮ್ಮ ಎಂದು ಓದಬೇಕೆಂಬುದನ್ನು ಲೇಖಕ ಅಮಿತಾವ್ ಘೋಷ್ 1992ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಏಡನ್ನಿನ ಯಹೂದಿ ಮುಖಂಡನಾಗಿದ್ದ ಮದ್ಮೂನ್, ಬೊಮ್ಮನ ಕುಶಲವನ್ನೂ ಅವನು ಕುಡಿದು ಹಣ ಖರ್ಚು ಮಾಡಿದ ದೂರನ್ನೂ ಪತ್ರಗಳಲ್ಲಿ ಬರೆದಿದ್ದಾನೆ. ಇದೇ ಮದ್ಮೂನ್ ಏಡನ್ನಿನ ಮುಸ್ಲಿಂ ಅಧಿಪತಿ ಬಿಲಾಲ್ ಇಬ್ನ್ ಜರೀರನೊಂದಿಗೆ ಪಾಲುದಾರನಾಗಿ ಹಡಗು ಸಜ್ಜುಗೊಳಿಸಿದವನು. ಮಂಗಳೂರಿನ ಹಿಂದೂ ವರ್ತಕರಿಗೂ ಅವನು ಬೆನ್ ಯಿಜುವಿನ ಮೂಲಕ ಸಮಾಚಾರ ಕಳುಹಿಸುತ್ತಿದ್ದನು. ಯಹೂದಿ, ಮುಸ್ಲಿಂ, ಹಿಂದೂ ಎಂಬ ಮೂರೂ ಸಮುದಾಯಗಳವರು ಮಾತಿನ ವಿಶ್ವಾಸದ ಮೇಲೆ ಸಾಗರದಾಚೆಗೆ ಸರಕು ಕಳುಹಿಸುತ್ತಿದ್ದ ಕಾಲವದು.

1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹ್ದಿಯಾವನ್ನು ವಶಪಡಿಸಿಕೊಂಡರು. ಬೆನ್ ಯಿಜುವಿನ ಬಂಧುಗಳು ಚದುರಿಹೋದರು. 1149ರಲ್ಲಿ ಅವನು ಮಕ್ಕಳೊಂದಿಗೆ ಏಡನ್ನಿಗೆ ಮರಳಿ ಸಹೋದರರನ್ನು ಪತ್ರಗಳ ಮೂಲಕ ಹುಡುಕತೊಡಗಿದನು. ಕೊನೆಗೆ ಫುಸ್ತಾತಿನಲ್ಲಿ ನೆಲೆಸಿದನು. 1156ರಲ್ಲಿ ಅವನ ಮಗಳು ಸಿತ್ತುದ್ದಾರ್ ತಂದೆಯ ಸಹೋದರನ ಮಗನನ್ನು ವಿವಾಹವಾದಳು. ಮಂಗಳೂರಿನಿಂದ ಒಯ್ದ ಕಾಗದಗಳು ಗೆನೀಝಾ ಕೋಣೆಯನ್ನು ಸೇರಿದವು. ಒಂದು ಪ್ರಾರ್ಥನಾಲಯ ಉಳಿದಿದ್ದರಿಂದಲೇ ಬೊಮ್ಮನ ಹೆಸರೂ ಆಶುವಿನ ಹೆಸರೂ ನಮಗೆ ತಿಳಿದವು.

ಪವಿತ್ರ ಕುರ್‌ಆನಿನ ಸೂರಃ ಅಲ್‌ಹಜ್ಜ್‌ನ 40ನೆಯ ವಚನವು ಅಲ್ಲಾಹನ ನಾಮಸ್ಮರಣೆ ನಡೆಯುವ ನಾಲ್ಕು ಬಗೆಯ ಆಲಯಗಳನ್ನು ಹೆಸರಿಸುತ್ತದೆ: ಸನ್ಯಾಸಿಗಳ ಮಠಗಳು, ಚರ್ಚುಗಳು, ಯಹೂದಿಯರ ಪ್ರಾರ್ಥನಾಲಯಗಳು ಮತ್ತು ಮಸೀದಿಗಳು. ಈ ಸಾಲಿನಲ್ಲಿ ಮಸೀದಿ ಬರುವುದು ಕೊನೆಗೆ. ಇವು ಧ್ವಂಸವಾಗದಂತೆ ಅಲ್ಲಾಹನು ಮನುಷ್ಯರಲ್ಲಿ ಕೆಲವರನ್ನು ಕೆಲವರ ಮೂಲಕ ತಡೆಯುತ್ತಾನೆಂಬುದು ಅದರ ಆಶಯ. ಈ ವಚನದ ಬೆಳಕಿನಲ್ಲಿ ನೋಡಿದಾಗ ಅಲ್‌ಹಾಕಿಮನ ಕೃತ್ಯವನ್ನು ಸಮರ್ಥಿಸಲು ನಮಗೆ ಯಾವ ಆಧಾರವೂ ಇಲ್ಲ. ಸ್ಪೇನಿನ ಮುವಹ್ಹಿದ್ ಅರಸರ ಕಾಲದಲ್ಲಿ ಕುರ್ತುಬಾದಿಂದ ಊರು ಬಿಡಬೇಕಾಗಿ ಬಂದ ಯಹೂದಿ ವಿದ್ವಾಂಸ ಮೂಸಾ ಬಿನ್ ಮೈಮೂನ್ ನೆಮ್ಮದಿ ಕಂಡದ್ದು ಇದೇ ಫುಸ್ತಾತಿನಲ್ಲಿ. ಸುಲ್ತಾನ್ ಸಲಾಹುದ್ದೀನರ ಮಂತ್ರಿ ಅಲ್‌ಕಾದಿ ಅಲ್‌ಫಾದಿಲ್ ಅವನಿಗೆ ಆಶ್ರಯ ನೀಡಿದನು. ಓಡಿಸಿದವರೂ ಆಶ್ರಯ ಕೊಟ್ಟವರೂ ಕಲಿಮಾ ಹೇಳುವವರೇ ಆಗಿದ್ದರೆಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಮಾಚಬಾರದು.

ಇಷ್ಟೆಲ್ಲ ಕಂಡು ಉಳಿದ ಸಿನಗಾಗ್ ಬರಿದಾದದ್ದು ನಮ್ಮ ಹಿರಿಯರ ಕಾಲದಲ್ಲಿಯೇ. 1948ರಲ್ಲಿ ಈಜಿಪ್ಟಿನಲ್ಲಿ 70ರಿಂದ 80 ಸಾವಿರದಷ್ಟು ಯಹೂದಿಯರಿದ್ದರು. ಅದೇ ವರ್ಷ ಫೆಲೆಸ್ತೀನಿನ ಸುಮಾರು ಏಳು ಲಕ್ಷ ಜನರು ತಮ್ಮ ಮನೆಗಳಿಂದ ಹೊರದೂಡಲ್ಪಟ್ಟರು; ಇತ್ತ ಕೈರೋದ ಯಹೂದಿ ಕೇರಿಗಳಲ್ಲಿ ಬಾಂಬುಗಳು ಸಿಡಿದವು. 1954ರಲ್ಲಿ ಇಸ್ರೇಲಿನ ಗುಪ್ತಚರ ವಿಭಾಗವು ಈಜಿಪ್ಟಿನ ಕೆಲವು ಯಹೂದಿ ಯುವಕರನ್ನು ಸ್ಫೋಟಗಳಿಗೆ ಬಳಸಿಕೊಂಡಿತು. 1956ರ ಸೂಯೆಜ್ ಯುದ್ಧದ ಬಳಿಕ ಸಾವಿರಾರು ನಿರಪರಾಧಿ ಕುಟುಂಬಗಳು ದೇಶ ತೊರೆಯಬೇಕಾಯಿತು. ಇಂದು ಅಲ್ಲಿ ಉಳಿದಿರುವ ಯಹೂದಿಯರು ಬೆರಳೆಣಿಕೆಯಷ್ಟು ಮಂದಿ.

ಇದಕ್ಕೆ ಪ್ರತಿಬಿಂಬವೊಂದು ಫೆಲೆಸ್ತೀನಿನ ಬೀರ್ ಸಬಅ ಪಟ್ಟಣದಲ್ಲಿದೆ. ಉಸ್ಮಾನೀ ಆಡಳಿತವು 1906ರಲ್ಲಿ ಕಟ್ಟಿಸಿದ ಅಲ್ಲಿನ ದೊಡ್ಡ ಮಸೀದಿ ಇಂದು ಇಸ್ಲಾಮೀ ಸಂಸ್ಕೃತಿಯ ವಸ್ತುಸಂಗ್ರಹಾಲಯ. ಮಿನಾರವಿದೆ, ಮಿಹ್ರಾಬ್ ಇದೆ, ಅದಾನ್ ಇಲ್ಲ. ಅದನ್ನು ಕೇಳಿ ನೋಯುವ ಹೃದಯವು ಬೆನ್ ಎಝ್ರಾದ ಮೌನವನ್ನೂ ಅರಿಯಬೇಕು. ಗೋಡೆಗಳನ್ನು ಸರಕಾರಗಳು ದುರಸ್ತಿ ಮಾಡಬಲ್ಲವು. ಆದರೆ ಕುರ್‌ಆನ್ ಹೇಳಿದ್ದು ನಾಮಸ್ಮರಣೆ ನಡೆಯುತ್ತಿರುವ ಆಲಯಗಳ ವಿಷಯ. ಸ್ಮರಿಸುವ ಜನರು ನೆರೆಯಲ್ಲಿ ನಿರ್ಭಯರಾಗಿ ಬಾಳಿದಾಗ ಮಾತ್ರ ಆ ರಕ್ಷಣೆ ಪೂರ್ಣವಾಗುತ್ತದೆ.

ಬೆಂಗಳೂರಿನಲ್ಲಿರುವ ನಮಗೆ ಇದು ದೂರದ ಮಾತಲ್ಲ. ಚಾಮರಾಜಪೇಟೆಯಿಂದ ಹೆಚ್ಚು ದೂರವಿಲ್ಲದ ಮೈಸೂರು ರಸ್ತೆಯ ಬಳಿ ಯಹೂದಿಯರದೊಂದು ಪುಟ್ಟ ಸ್ಮಶಾನವಿದೆ. ಅದಕ್ಕೆ 1904ರಲ್ಲಿ ಜಾಗ ನೀಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಯಹೂದಿಯೊಬ್ಬನ ಶವಯಾತ್ರೆ ಹಾದುಹೋದಾಗ ಪ್ರವಾದಿ ಮುಹಮ್ಮದ್(ಸ) ಎದ್ದು ನಿಂತರೆಂದೂ, ಸಂಗಾತಿಗಳು ಆಶ್ಚರ್ಯಪಟ್ಟಾಗ ಅದೂ ಒಂದು ಮಾನವ ಜೀವವೆಂಬುದನ್ನು ನೆನಪಿಸಿದರೆಂದೂ ಸಹೀಹ್ ಬುಖಾರಿಯ ಹದೀಸ್ ತಿಳಿಸುತ್ತದೆ. ಆ ಸ್ಮಶಾನದ ಗೋಡೆಯ ಪಕ್ಕದಲ್ಲಿ ಹೋಗುವಾಗ ಮಕ್ಕಳಿಗೆ ಈ ಹದೀಸನ್ನೂ ಮಂಗಳೂರಿನ ಬೆನ್ ಯಿಜುವಿನ ವೃತ್ತಾಂತವನ್ನೂ ಹೇಳೋಣ. ನೆರೆಯವರ ಆರಾಧನಾಲಯವನ್ನು ಅವರು ಇರುವಾಗಲೇ ಗೌರವಿಸುವ ಸದ್ಬುದ್ಧಿಯನ್ನು ಅಲ್ಲಾಹನು ನಮಗೂ, ನಮ್ಮ ಆಲಯಗಳನ್ನು ಗೌರವಿಸುವ ಸದ್ಬುದ್ಧಿಯನ್ನು ಇತರರಿಗೂ ಕರುಣಿಸಲಿ. ಆಮೀನ್.