ಬಳ್ಳಾರಿ ರಾಘವ (1880–1946)

ಬ್ರಿಟಿಷರ ಆಡಳಿತದಲ್ಲಿ ಬಳ್ಳಾರಿಯು ಮದರಾಸು ಪ್ರಾಂತ್ಯಕ್ಕೆ ಸೇರಿದ ಜಿಲ್ಲಾ ಕೇಂದ್ರವೂ, ಕಂಟೋನ್ಮೆಂಟ್ ಹೊಂದಿದ್ದ ಸೇನಾ ನೆಲೆಯೂ ಆಗಿತ್ತು. ಕನ್ನಡ ಮತ್ತು ತೆಲುಗು ಎರಡೂ ಬಳಕೆಯಲ್ಲಿದ್ದ ಈ ನಗರವು ರಂಗಭೂಮಿಗೆ ನೀಡಿದ ಶ್ರೇಷ್ಠ ನಟರಲ್ಲಿ ಬಳ್ಳಾರಿ ರಾಘವ ಅವರು ಅಗ್ರಗಣ್ಯರು.

ಜನನ ಮತ್ತು ಶಿಕ್ಷಣ

ತಾಡಿಪತ್ರಿ ರಾಘವಾಚಾರ್ಯರು 1880ರ ಆಗಸ್ಟ್ 2ರಂದು ಅನಂತಪುರ ಸೀಮೆಯ ತಾಡಿಪತ್ರಿಯಲ್ಲಿ ಜನಿಸಿದರು. ಬಳ್ಳಾರಿ ಮತ್ತು ಮದರಾಸಿನಲ್ಲಿ ವ್ಯಾಸಂಗ ಮಾಡಿ, 1905ರಲ್ಲಿ ಕಾನೂನು ಪದವಿ ಪಡೆದು, ಬಳ್ಳಾರಿಯಲ್ಲಿ ವಕೀಲರಾಗಿ ಖ್ಯಾತಿ ಗಳಿಸಿದರು.

ರಂಗಪ್ರವೇಶ

ನಾಟಕಕಾರ ಧರ್ಮವರಂ ರಾಮಕೃಷ್ಣಮಾಚಾರ್ಯರು ಇವರ ಸೋದರಮಾವ. ಆಚಾರ್ಯರು ಬಳ್ಳಾರಿಯಲ್ಲಿ ಸ್ಥಾಪಿಸಿದ ಸರಸ ವಿನೋದಿನಿ ಸಭೆ ಹಾಗೂ ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮ ಸಭೆ ಅಂದಿನ ಪ್ರಮುಖ ನಾಟಕ ಸಂಸ್ಥೆಗಳಾಗಿದ್ದವು. ವಿಜಯನಗರದ ಪತನವನ್ನು ಕುರಿತ ಶ್ರೀನಿವಾಸರಾಯರ ನಾಟಕದಲ್ಲಿ ರಾಘವರು ನಿರ್ವಹಿಸಿದ ಪಠಾಣ್ ರುಸ್ತುಂ ಪಾತ್ರವು ಅಪಾರ ಜನಮನ್ನಣೆ ಪಡೆಯಿತು.

ಅಭಿನಯದ ವೈಶಿಷ್ಟ್ಯ

ಅಂದಿನ ನಾಟಕಗಳಲ್ಲಿ ಹಾರ್ಮೋನಿಯಂ ಹಾಗೂ ರಂಗಗೀತೆಗಳದ್ದೇ ಪ್ರಾಬಲ್ಯ. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದಾಗ, ಸನ್ನಿವೇಶ ಯಾವುದೇ ಇರಲಿ, ನಟರು ಹಾಡನ್ನು ಪುನಃ ಹಾಡುತ್ತಿದ್ದರು. ಕಂಠವೇ ನಟನ ಯೋಗ್ಯತೆಯ ಅಳತೆಗೋಲಾಗಿದ್ದ ಅಂತಹ ಕಾಲದಲ್ಲಿ ರಾಘವರು ಹಾಡಿನ ಅತಿಬಳಕೆಯನ್ನು ವಿರೋಧಿಸಿ, ಸಹಜ ಮಾತು ಹಾಗೂ ಭಾವಾಭಿನಯಕ್ಕೆ ಪ್ರಾಧಾನ್ಯ ನೀಡಿದರು. ವಕೀಲ ವೃತ್ತಿಯೇ ಜೀವನಾಧಾರವಾಗಿದ್ದುದರಿಂದ ಅವರು ನಾಟಕದ ಗಲ್ಲಾಪೆಟ್ಟಿಗೆಯನ್ನು ಅವಲಂಬಿಸಬೇಕಾಗಿರಲಿಲ್ಲ. ಹವ್ಯಾಸಿ ನಟರಾಗಿಯೇ ಊರೂರು ಸಂಚರಿಸಿ ತೆಲುಗು, ಕನ್ನಡ, ಹಿಂದಿ ಹಾಗೂ ಇಂಗ್ಲಿಷ್ ಭಾಷೆಗಳಲ್ಲಿ ಅಭಿನಯಿಸಿದರು. 1927ರಲ್ಲಿ ಇವರ ‘ದೀನಬಂಧು ಕಬೀರ್’ ಹಿಂದಿ ನಾಟಕವನ್ನು ಮಹಾತ್ಮ ಗಾಂಧೀಜಿಯವರು ವೀಕ್ಷಿಸಿದ್ದರು. 1928ರಲ್ಲಿ ರಾಘವರು ಇಂಗ್ಲೆಂಡಿಗೆ ತೆರಳಿ ಅಲ್ಲಿ ನಾಟಕಕಾರ ಬರ್ನಾರ್ಡ್ ಷಾ ಅವರನ್ನು ಭೇಟಿಯಾದರು.

ಮಹಿಳೆಯರಿಗೆ ಪ್ರೋತ್ಸಾಹ

ಸ್ತ್ರೀಪಾತ್ರಗಳನ್ನು ಪುರುಷರು ನಿರ್ವಹಿಸುವುದು ರೂಢಿಯಲ್ಲಿದ್ದ ಕಾಲದಲ್ಲಿ, ಆ ಪಾತ್ರಗಳನ್ನು ಮಹಿಳೆಯರೇ ಅಭಿನಯಿಸಬೇಕೆಂದು ರಾಘವರು ಪ್ರತಿಪಾದಿಸಿದರು. ಪಿ.ವಿ. ರಾಜಮನ್ನಾರ್ ಅವರ ‘ತಪ್ಪೆವರಿದಿ’ ಸಾಮಾಜಿಕ ನಾಟಕದಲ್ಲಿ ಕೊಮ್ಮೂರಿ ಪದ್ಮಾವತೀದೇವಿ ಅವರು ಇವರೊಂದಿಗೆ ಅಭಿನಯಿಸಿದರು. ಸಂಭಾವಿತ ಕುಟುಂಬದ ಮಹಿಳೆಯರು ರಂಗವೇರುವುದನ್ನು ಸಮಾಜವು ಒಪ್ಪದಿದ್ದ ಆ ದಿನಗಳಲ್ಲಿ ಇದು ದಿಟ್ಟ ಹೆಜ್ಜೆಯಾಗಿತ್ತು.

ಚಲನಚಿತ್ರಗಳು

‘ದ್ರೌಪದೀ ಮಾನಸಂರಕ್ಷಣಂ’ (1936), ಜಮೀನ್ದಾರಿ ಪದ್ಧತಿಯನ್ನು ಪ್ರಶ್ನಿಸಿದ ‘ರೈತುಬಿಡ್ಡ’ (1939) ಹಾಗೂ ‘ಚಂಡಿಕ’ (1940) ಎಂಬ ತೆಲುಗು ಚಿತ್ರಗಳಲ್ಲಿ ಇವರು ನಟಿಸಿದ್ದಾರೆ.

ಸ್ಮರಣೆ

ರಾಘವರು 1946ರ ಏಪ್ರಿಲ್ 16ರಂದು ನಿಧನರಾದರು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರ್ಪಡೆಯಾಯಿತು. ಭಾರತೀಯ ಅಂಚೆ ಇಲಾಖೆಯು 1981ರಲ್ಲಿ ಇವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಬಳ್ಳಾರಿ ನಗರದ ರಾಘವ ಕಲಾಮಂದಿರವು ಇವರ ಹೆಸರನ್ನು ಹೊತ್ತಿದೆ. ಎರಡು ಭಾಷೆಗಳ ಗಡಿಯಲ್ಲಿ ಬೆಳೆದ ಈ ನಟರನ್ನು ಕನ್ನಡಿಗರೂ ತೆಲುಗರೂ ಇಂದಿಗೂ ತಮ್ಮವರೆಂದೇ ಗೌರವಿಸುತ್ತಾರೆ.